ಅಮೂರ್ತ ಮೆಥಡ್‌ನ ಕಾಲನಿರ್ಣಯ: ಸ್ಮಾಲ್‌ಟಾಕ್-80ರ ಸಾಕ್ಷ್ಯದ ಮರುಪರಿಶೀಲನೆ

ಮೇಲಿನ ಕ್ಲಾಸ್ ಹೆಸರನ್ನಷ್ಟೇ ಘೋಷಿಸಿ, ಕೆಲಸದ ವಿವರವನ್ನು ಉಪಕ್ಲಾಸ್‌ಗೆ ಬಿಟ್ಟುಕೊಡುವ ಮೆಥಡ್‌ಗೆ ಅಮೂರ್ತ ಮೆಥಡ್ ಎನ್ನುತ್ತಾರೆ. ಡೈನಾಮಿಕ್ ಭಾಷೆಗಳು ಇದನ್ನು ಸಿ++ ಮತ್ತು ಜಾವಾಗಳಿಂದ ಎರವಲು ಪಡೆದವೆಂದೂ, ಗೀಡೋ ವ್ಯಾನ್ ರೋಸಮ್ ಮತ್ತು ಟಾಲಿನ್ 2007ರಲ್ಲಿ ಪೈಥಾನ್‌ಗಾಗಿ ಮಂಡಿಸಿದ ಪೆಪ್ 3119ರಿಂದಲೇ ಅದು ಅಲ್ಲಿ ನೆಲೆಗೊಂಡಿತೆಂದೂ ಹೇಳುವ ರೂಢಿಯಿದೆ. ಕಾಲಾನುಕ್ರಮವೇ ಈ ವಾದಕ್ಕೆ ವಿರುದ್ಧವಾಗಿದೆ. ಸಿ++ಗೆ ಶುದ್ಧ ವರ್ಚುವಲ್ ಫಂಕ್ಷನ್ ಬಂದದ್ದು 1989ರ 2.0 ಆವೃತ್ತಿಯಲ್ಲಿ, ಅಡೆಲ್ ಗೋಲ್ಡ್‌ಬರ್ಗ್ ಮತ್ತು ಡೇವಿಡ್ ರಾಬ್ಸನ್ ಡೈನಾಮಿಕ್ ಭಾಷೆಯಾದ ಸ್ಮಾಲ್‌ಟಾಕ್-80 ಕುರಿತು ಬರೆದ ಗ್ರಂಥ ಅಚ್ಚಾದದ್ದು 1983ರಲ್ಲಿ. (ಸಿಮ್ಯುಲಾ 67ರ ವರ್ಚುವಲ್ ಪ್ರೊಸೀಜರ್ ಇವೆರಡಕ್ಕಿಂತಲೂ ಹಿಂದಿನದು, ನಿಜ, ಆದರೆ ಸಿಮ್ಯುಲಾ ಡೈನಾಮಿಕ್ ಭಾಷೆಯಲ್ಲ.)

ಆ ಗ್ರಂಥದ ಸಾಕ್ಷ್ಯವನ್ನು ಬಲ್ಲವರೂ ಅದನ್ನು ಬರಿಯ ದೋಷಸಂದೇಶವೆಂದು ಬದಿಗಿಟ್ಟಿರುವುದು ಹೆಚ್ಚು ಗಂಭೀರವಾದ ತಪ್ಪು. ಅಲ್ಲಿನ ಕಲೆಕ್ಷನ್ ಕ್ಲಾಸ್‌ನಲ್ಲಿ, ಸಂಗ್ರಹದ ಒಂದೊಂದೇ ಅಂಶವನ್ನು ಹಾದುಹೋಗುವ 'ಡು:' ಮೆಥಡ್‌ನ ಒಡಲಲ್ಲಿರುವುದು 'ಸಬ್‌ಕ್ಲಾಸ್‌ರೆಸ್ಪಾನ್ಸಿಬಿಲಿಟಿ' ಎಂಬ ಒಂದೇ ಕರೆ. ಉಪಕ್ಲಾಸ್ ಅದನ್ನು ತುಂಬದಿದ್ದರೆ ಚಾಲನೆಯ ವೇಳೆ ದೋಷ ಏಳುತ್ತದೆ. ಅದೇ ಕ್ಲಾಸ್‌ನ 'ಇಂಜೆಕ್ಟ್:ಇಂಟು:' ಮೊದಲಾದ ಮೆಥಡ್‌ಗಳು ಮಾತ್ರ ಪೂರ್ಣವಾಗಿ ಬರೆಯಲ್ಪಟ್ಟಿದ್ದು, ಇನ್ನೂ ತುಂಬದ ಆ 'ಡು:'ವಿನ ಮೇಲೆಯೇ ನಿಂತಿವೆ. ಮುಂದೆ ಬರಲಿರುವುದನ್ನು ನಂಬಿ ಮೇಲಿನ ಕ್ಲಾಸ್ ತನ್ನ ಉಳಿದೆಲ್ಲ ನಡವಳಿಕೆಯನ್ನು ಕಟ್ಟಿಕೊಂಡಿರುವಾಗ, ಆ ಒಂದು ಸಾಲನ್ನು ಕರಾರು ಎನ್ನದೆ ದೋಷಸಂದೇಶ ಎನ್ನುವುದು ಪಠ್ಯದ ರಚನೆಯನ್ನೇ ಕಡೆಗಣಿಸಿದಂತೆ. ಸ್ಮಾಲ್‌ಟಾಕ್ ವಂಶದ ಫಾರೋ ವ್ಯವಸ್ಥೆ ಈ ಕರೆಯ ಗುರುತಿನಿಂದಲೇ ಒಂದು ಮೆಥಡ್ ಅಮೂರ್ತವೆಂದು ತೀರ್ಮಾನಿಸುತ್ತದೆ ಎಂಬುದನ್ನೂ ಇಲ್ಲಿ ಗಮನಿಸಬೇಕು.

ಕರೆದಾಗ ಮಾತ್ರ ಬಯಲಾಗುವ ಕೊರತೆಯನ್ನು ಘೋಷಣೆ ಎನ್ನಲಾಗದು ಎಂಬ ಆಕ್ಷೇಪಕ್ಕೆ ಪೈಥಾನೇ ಉತ್ತರ ಕೊಡುತ್ತದೆ. ಪೆಪ್ 3119ರ ಫಲವಾಗಿ 2008ರ 2.6 ಮತ್ತು 3.0 ಆವೃತ್ತಿಗಳಲ್ಲಿ ಬಂದ ಎಬಿಸಿ ಮಾಡ್ಯೂಲ್, ತುಂಬದೆ ಉಳಿದ ಮೆಥಡ್‌ಗಳ ಹೆಸರುಗಳನ್ನು ಕ್ಲಾಸ್ ರೂಪುಗೊಳ್ಳುವಾಗ ಪಟ್ಟಿಮಾಡಿಟ್ಟು, ಆಬ್ಜೆಕ್ಟ್ ಸೃಷ್ಟಿಸುವಾಗ ಆ ಪಟ್ಟಿ ಖಾಲಿಯಿಲ್ಲದಿದ್ದರೆ ಟೈಪ್‌ಎರರ್ ಎಬ್ಬಿಸುತ್ತದೆ. ಇದೂ ಚಾಲನೆಯ ವೇಳೆಯ ತಪಾಸಣೆಯೇ. ಅದು ನೋಡುವುದು ಹೆಸರನ್ನು ಮಾತ್ರ, ಆರ್ಗ್ಯುಮೆಂಟ್‌ಗಳು ಹೊಂದುತ್ತವೆಯೇ ಎಂಬುದನ್ನಲ್ಲ. ಅಷ್ಟೇ ಅಲ್ಲದೆ, ಈ ತಪಾಸಣೆ ಮೂಲ ಆಬ್ಜೆಕ್ಟ್ ಕ್ಲಾಸ್‌ನ ಸೃಷ್ಟಿಕ್ರಿಯೆಯೊಳಗೆ ಇರುವುದರಿಂದ, ಲಿಸ್ಟ್ ಅಥವಾ ಡಿಕ್ಟ್‌ನಿಂದ ಇಳಿದ ಕ್ಲಾಸ್‌ನಲ್ಲಿ ಅಮೂರ್ತ ಮೆಥಡ್ ತುಂಬದೆ ಉಳಿದಿದ್ದರೂ ಆಬ್ಜೆಕ್ಟ್ ನಿರಾತಂಕವಾಗಿ ಹುಟ್ಟುತ್ತದೆ. ಕಟ್ಟುನಿಟ್ಟೇ ಅಳತೆಗೋಲೆಂದು ಹಟ ಹಿಡಿಯುವವರು ಅದೇ ಅಳತೆಗೋಲಿನಿಂದ ಪೈಥಾನನ್ನೂ ಹೊರಗಿಡಬೇಕಾಗುತ್ತದೆ.

ಇನ್ನೊಂದು ಡೈನಾಮಿಕ್ ಭಾಷೆಯಾದ ರೂಬಿಯಲ್ಲಿ ಅಮೂರ್ತ ಮೆಥಡ್ ಸೂಚಿಸಲೆಂದು ಬಳಕೆಯಾಗುವ ನಾಟ್‌ಇಂಪ್ಲಿಮೆಂಟೆಡ್‌ಎರರ್ ಮಾತ್ರ ದುರ್ಬಲ ಸಾಕ್ಷ್ಯ. ಅದು ಫೋರ್ಕ್‌ನಂಥ ಸೌಲಭ್ಯ ಇಲ್ಲದ ಯಂತ್ರವ್ಯವಸ್ಥೆಗಳನ್ನು ಸೂಚಿಸಲು ಇರುವಂಥದು, ಸ್ಕ್ರಿಪ್ಟ್‌ಎರರ್‌ನ ಕುಡಿ. ಹೀಗಾಗಿ ಸಾದಾ 'ರೆಸ್ಕ್ಯೂ' ಅದನ್ನು ಹಿಡಿಯುವುದಿಲ್ಲ.

ದೋಷವನ್ನು ಮೆಥಡ್ ಕರೆಯುವ ಗಳಿಗೆಯಿಂದ ಆಬ್ಜೆಕ್ಟ್ ಹುಟ್ಟುವ ಗಳಿಗೆಗೆ ಹಿಂದೆ ತಂದ ಶ್ರೇಯಸ್ಸು ಪೆಪ್ 3119ಕ್ಕೆ ಪೂರ್ಣವಾಗಿ ಸಲ್ಲುತ್ತದೆ. ಡೈನಾಮಿಕ್ ಭಾಷೆಯಲ್ಲಿ ಅಮೂರ್ತ ಮೆಥಡ್ ಅನ್ನು ಮೊದಲು ತಂದ ಶ್ರೇಯಸ್ಸು ಅದಕ್ಕೆ ಸಲ್ಲದು.