ಕರೆಂಟು ಹೋದರೂ ಅಳಿಯದ ಅಕ್ಷರ

ಕಳೆದ ಮಳೆಗಾಲದಲ್ಲಿ ಊರಿಗೆ ಫೋನ್ ಮಾಡಿದಾಗ, ಅಜ್ಜಿ ಎರಡು ದಿನದಿಂದ ಬಿಪಿ ಮಾತ್ರೆ ತಗೊಂಡಿಲ್ಲ ಅಂತ ಗೊತ್ತಾಯ್ತು. ಯಾಕಜ್ಜಿ ಅಂದ್ರೆ, "ನಿನ್ ಹಲಗೇಲೇ ಆಯ್ತು ಅಂತ ಬರ್ದಿತ್ತಲ್ಲೋ ಮಾರಾಯ" ಅಂದ್ರು!

ಆ ಹಲಗೆ ನಾನೇ ಮಾಡಿಕೊಟ್ಟದ್ದು. ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರು, ಅದಕ್ಕೊಂದು ಇ-ಪೇಪರ್ ತೆರೆ, ಒಂದು ಗುಂಡಿ. ಬೆಳಗ್ಗೆ ಮಾತ್ರೆಯ ಹೆಸರು ತೋರಿಸುತ್ತೆ, ನುಂಗಿ ಗುಂಡಿ ಒತ್ತಿದರೆ "ಆಯ್ತು" ಅನ್ನುತ್ತೆ. ಮಂಗಳವಾರ ರಾತ್ರಿ ಗುಡುಗು ಬಂತು ಅಂತ ಅಜ್ಜಿ ಪ್ಲಗ್ ಕಿತ್ತಿದ್ದರು. ಬೆಳಗ್ಗೆ ಮತ್ತೆ ಹಾಕಿದರು. ತೆರೆ ಮಾತ್ರ ಮಂಗಳವಾರದ "ಆಯ್ತು" ಬಿಟ್ಟು ಕದಲಲಿಲ್ಲ.

ಬೇರೆ ತೆರೆಯಾಗಿದ್ದರೆ ಕರೆಂಟು ಹೋದ ಕೂಡಲೇ ಖಾಲಿಯಾಗುತ್ತಿತ್ತು. ಇದು ಹಾಗಲ್ಲ ನೋಡಿ. ಇದರೊಳಗಿರುವುದು ವಿದ್ಯುದಾವೇಶ ಇರುವ ಬಣ್ಣದ ಕಣಗಳು. ವಿದ್ಯುತ್ತು ಕೊಟ್ಟಾಗ ಕಪ್ಪೋ ಬಿಳಿಯೋ ಮೇಲೆ ಬರುತ್ತೆ. ಆಮೇಲೆ ವಿದ್ಯುತ್ತು ಇಲ್ಲದಿದ್ದರೂ ಅಲ್ಲೇ ನಿಲ್ಲುತ್ತೆ. ಈ "ಅಲ್ಲೇ ನಿಲ್ಲುವ" ಗುಣಕ್ಕಾಗಿ ಜನ ಎಷ್ಟು ವರ್ಷ ಒದ್ದಾಡಿದ್ದಾರೆ ಗೊತ್ತಾ?

1970ರ ದಶಕದಲ್ಲಿ ಅಮೆರಿಕದ ಝೆರಾಕ್ಸ್ ಪಾರ್ಕ್‌ನಲ್ಲಿ ನಿಕ್ ಶೆರಿಡನ್ ಅನ್ನುವವರು ಅರ್ಧ ಕಪ್ಪು ಅರ್ಧ ಬಿಳಿಯ ಪುಟ್ಟ ಗುಂಡುಗಳನ್ನು ತೆಳು ಹಾಳೆಯೊಳಗೆ ತಿರುಗಿಸಿ ಅಕ್ಷರ ಮೂಡಿಸಿದರು. ಹೆಸರು ಜಿರಿಕಾನ್. ಕಂಪನಿ ಆಗ ಆಸಕ್ತಿ ತೋರಲಿಲ್ಲ. 2000ದಲ್ಲಿ ಅದಕ್ಕಾಗಿಯೇ ಬೇರೆ ಕಂಪನಿ ಹುಟ್ಟಿತು, 2005ರಲ್ಲಿ ಮುಚ್ಚಿತು.

ಸುಮಾರು ಅದೇ ಕಾಲಕ್ಕೆ ಜಪಾನಿನ ಮತ್ಸುಶಿತಾದಲ್ಲಿ ಇಸಾವೊ ಓಟಾ ಬಣ್ಣದ ದ್ರವದಲ್ಲಿ ಕಣಗಳನ್ನು ಓಡಿಸಿ ನೋಡಿದ್ದರು. ಆ ಬಗೆಯ ತೆರೆಗಳಿಗೆ ಕಾಡಿದ ತೊಂದರೆ ಒಂದೇ: ಕಣಗಳು ದಿನ ಕಳೆದಂತೆ ಒಂದಕ್ಕೊಂದು ಅಂಟಿ ಗಂಟಾಗುತ್ತಿದ್ದವು, ಒಂದೆಡೆ ಸರಿದು ಕೂರುತ್ತಿದ್ದವು. ಇದಕ್ಕೆ ಮದ್ದು ಸಿಕ್ಕಿದ್ದು ಎಂಐಟಿಯಲ್ಲಿ. ಪ್ರೊಫೆಸರ್ ಜೋಸೆಫ್ ಜೇಕಬ್‌ಸನ್ ಜತೆ ಇನ್ನೂ ಡಿಗ್ರಿ ಓದುತ್ತಿದ್ದ ಬ್ಯಾರೆಟ್ ಕಾಮಿಸ್ಕಿ, ಜೆ.ಡಿ. ಆಲ್ಬರ್ಟ್ ಎಂಬ ಹುಡುಗರು ಕಣಗಳನ್ನು ಕೂದಲೆಳೆಯಷ್ಟು ಸಣ್ಣ ಗುಳಿಗೆಗಳಲ್ಲಿ ತುಂಬಿದರು. ಗುಳಿಗೆಯ ಗೋಡೆ ದಾಟಿ ಕಣ ಹೋಗುವುದಾದರೂ ಎಲ್ಲಿಗೆ? 1997ರಲ್ಲಿ ಇ-ಇಂಕ್ ಕಂಪನಿ ಶುರುವಾಯ್ತು, 1998ರಲ್ಲಿ ನೇಚರ್ ಪತ್ರಿಕೆಯಲ್ಲಿ ಲೇಖನ ಬಂತು. 2004ರಲ್ಲಿ ಸೋನಿ ಲಿಬ್ರಿಯೆ, 2007ರಲ್ಲಿ ಕಿಂಡಲ್.

ಅಂದ ಹಾಗೆ ನಮ್ಮ ದೇಶಕ್ಕೆ ಇ-ಪೇಪರ್ ಕಿಂಡಲ್‌ಗಿಂತ ಮೊದಲೇ, 2006ರಲ್ಲಿ ಮೊಟೊರೊಲಾದ ಮೊಟೊಫೋನ್ ಎಂಬ ಅಗ್ಗದ ಫೋನಿನಲ್ಲಿ ಬಂದಿತ್ತು. ಸಾಲಿಗೆ ಆರರಂತೆ ಎರಡು ಸಾಲು ಇಂಗ್ಲಿಷ್ ಅಕ್ಷರ, ಅಷ್ಟೇ. ನಮ್ಮ ಒತ್ತು-ದೀರ್ಘಗಳಿಗೆ ಅಲ್ಲಿ ಜಾಗವೇ ಇರಲಿಲ್ಲ.

ಸರಿ, ಅಜ್ಜಿಯ ಹಲಗೆಗೆ ಬರೋಣ. ಶನಿವಾರ ಊರಿಗೆ ಹೋಗಿ ಬಿಚ್ಚಿ ನೋಡಿದೆ. ಪೈ ಚೆನ್ನಾಗೇ ಇತ್ತು, ಪ್ರೋಗ್ರಾಮೂ ಓಡುತ್ತಿತ್ತು. ತೆರೆಯಿಂದ ಬರುವ ಬಿಝಿ ಅನ್ನೋ ತಂತಿ ಮಾತ್ರ ಪ್ಲಗ್ ಎಳೆದಾಡುವಾಗ ಸಡಿಲವಾಗಿತ್ತು. "ಕಣಗಳು ಇನ್ನೂ ಓಡಾಡ್ತಿವೆ, ತಡಿ" ಅಂತ ತೆರೆ ಹೇಳುವುದು ಆ ತಂತಿಯಲ್ಲೇ. "ಆಯ್ತು, ಬಾ" ಅನ್ನೋ ಉತ್ತರಕ್ಕೆ ನನ್ನ ಪ್ರೋಗ್ರಾಮು ಎರಡು ದಿನ ಕಾದು ಕೂತಿತ್ತು. ಎಷ್ಟು ಹೊತ್ತು ಕಾಯಬೇಕು ಅಂತ ನಾನು ಬರೆದೇ ಇರಲಿಲ್ಲ. ತಪ್ಪು ತಂತಿಯದ್ದಲ್ಲ, ನನ್ನದೇ.

ತಂತಿ ಬೆಸುಗೆ ಹಾಕಿದೆ. ಮೂವತ್ತು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ನನ್ನ ಮೊಬೈಲಿಗೆ ಸಂದೇಶ ಬರುವಂತೆ ಮಾಡಿದೆ. ಆದರೆ ಪೈ ಪೂರ್ತಿ ಸತ್ತರೆ ಸಂದೇಶ ಕಳಿಸೋರು ಯಾರು? ಅದಕ್ಕೇ ತೆರೆಯ ಮೇಲ್ಗಡೆ ತಾರೀಕನ್ನು ದಪ್ಪ ಅಕ್ಷರದಲ್ಲಿ ಹಾಕಿದೆ. "ಗೋಡೆ ಕ್ಯಾಲೆಂಡರಿಗೂ ಇದಕ್ಕೂ ತಾಳೆ ಆಗ್ಲಿಲ್ಲ ಅಂದ್ರೆ ಇದನ್ನ ನಂಬ್ಬೇಡಿ ಅಜ್ಜಿ" ಅಂದೆ.

ಅಕ್ಷರ ಅಂದರೆ ನಾಶವಾಗದ್ದು ಅಂತ ಮೇಷ್ಟ್ರು ಹೇಳಿಕೊಟ್ಟಿದ್ದರು. ಮೂವತ್ತು ವರ್ಷ ಕಷ್ಟಪಟ್ಟು ಅಂಥದ್ದೊಂದನ್ನು ಮಾಡಿಕೊಟ್ಟಿದ್ದಾರೆ. ಅದು ಯಾವತ್ತಿನದು ಅಂತ ಬರೆಯೋ ಕೆಲಸ ಮಾತ್ರ ನಮ್ಮದು.

ಅಜ್ಜಿ ಈಗ ದಿನಾ ತಾಳೆ ನೋಡ್ತಾರಂತೆ. ಕ್ಯಾಲೆಂಡರನ್ನೇ ನೋಡೋದಾದ್ರೆ ಈ ಹಲಗೆ ಯಾಕೋ, ಅಂತಾನೂ ಕೇಳಿದ್ರು. ಅದಕ್ಕೆ ಉತ್ತರ ಗೊತ್ತಿದ್ರೆ ನೀವೇ ಹೇಳಿ...