32 ಬಿಟ್‌ಗಳ ಮೇಲಿನ ಆರೋಪ: ಐಪಿ ವಿಳಾಸಗಳ ಕೊರತೆಯ ಮೂಲದ ಮರುವಿಚಾರ

ಐಪಿ ವಿಳಾಸದ ಮುಂಭಾಗ ಜಾಲವನ್ನು ಸೂಚಿಸುತ್ತದೆ, ಹಿಂಭಾಗ ಆ ಜಾಲದೊಳಗಿನ ಯಂತ್ರವನ್ನು. ದಾರಿಯುದ್ದಕ್ಕೂ ರೌಟರ್‌ಗಳು ಮುಂಭಾಗವನ್ನು ನೋಡಿಯೇ ಪ್ಯಾಕೆಟ್ಟನ್ನು ದಾಟಿಸುತ್ತವೆ. ಐಪಿವಿ4ರ 32 ಬಿಟ್‌ಗಳಿಂದ ಸಿಗುವುದು ಸುಮಾರು 429 ಕೋಟಿ ವಿಳಾಸ. 2011ರ ಫೆಬ್ರವರಿಯಲ್ಲಿ, ಜಗತ್ತಿಗೆ ಈ ವಿಳಾಸಗಳನ್ನು ಹಂಚುವ ಐಯಾನಾ ಸಂಸ್ಥೆಯ ಕೇಂದ್ರ ದಾಸ್ತಾನು ಬರಿದಾಯಿತು. ಇಷ್ಟರಲ್ಲಿ ಯಾರಿಗೂ ತಕರಾರಿಲ್ಲ.

ತಕರಾರು ಕಾರಣದ್ದು. 1977ರಲ್ಲಿ 32 ಬಿಟ್ ಸಾಕೆಂದು ತೀರ್ಮಾನಿಸಿದ್ದು ತಾವೇ, ಆಗ ಅದೊಂದು ಪ್ರಯೋಗವಾಗಿತ್ತು ಎಂದು ಇಂಟರ್ನೆಟ್ಟಿನ ರೂವಾರಿಗಳಲ್ಲೊಬ್ಬರಾದ ವಿಂಟ್ ಸರ್ಫ್ ಹಲವು ಸಲ ಹೇಳಿದ್ದಾರೆ. ಬಿಟ್ ಕಡಿಮೆಯಾದದ್ದೇ ಮೂಲ ದೋಷವೆಂಬ ಮಾತು ಹೀಗೆ ಬೇರೂರಿದೆ. ಇಂಟರ್ನೆಟ್ಟಿನ ತಾಂತ್ರಿಕ ನಿಯಮಗಳನ್ನು ಪ್ರಕಟಿಸುವ ಆರ್‌ಎಫ್‌ಸಿ ಸರಣಿಯ ಆರಂಭದ ಎರಡು ದಾಖಲೆಗಳನ್ನು ಜೊತೆಗಿಟ್ಟು ಓದಿದರೆ ಈ ಮಾತು ಪೂರ್ತಿ ನಿಲ್ಲುವುದಿಲ್ಲ.

1980ರ ಜನವರಿಯ ಆರ್‌ಎಫ್‌ಸಿ 760ರಲ್ಲಿ ಜಾಲದ ಸಂಖ್ಯೆಗೆ ಮೀಸಲಾದದ್ದು ಮೊದಲ 8 ಬಿಟ್ ಮಾತ್ರ. ಎಂದರೆ ಇಡೀ ಜಗತ್ತಿಗೆ ಹೆಚ್ಚೆಂದರೆ 256 ಜಾಲ! ಮರುವರ್ಷದ ಸೆಪ್ಟೆಂಬರಿನಲ್ಲಿ ಬಂದ ಆರ್‌ಎಫ್‌ಸಿ 791 ವಿಳಾಸಗಳನ್ನು ಎ, ಬಿ, ಸಿ ವರ್ಗಗಳಾಗಿ ವಿಂಗಡಿಸಿತು. ಎರಡನ್ನೂ ಸಂಪಾದಿಸಿದವರು ಜಾನ್ ಪೋಸ್ಟೆಲ್. ಬಿಟ್‌ಗಳು ಅಷ್ಟೇ ಉಳಿದವು, ಜಾಲದ ಭಾಗಕ್ಕೂ ಯಂತ್ರದ ಭಾಗಕ್ಕೂ ನಡುವಿನ ಗಡಿಗೆರೆ ವರ್ಗಕ್ಕೆ ತಕ್ಕಂತೆ ಸರಿಯಿತು. ಮೊದಲು ಇಕ್ಕಟ್ಟಾದದ್ದು ವಿಳಾಸಗಳಿಗಲ್ಲ, ಜಾಲಗಳ ಸಂಖ್ಯೆಗೆ.

ವರ್ಗೀಕರಣದ ಬೆಲೆ ದುಬಾರಿಯಾಯಿತು. ಒಟ್ಟು ವಿಳಾಸಗಳಲ್ಲಿ ಅರ್ಧ ಎ ವರ್ಗದ ಪಾಲಾಯಿತು. ಅದರ ಒಂದೊಂದು ಜಾಲಕ್ಕೂ 1.67 ಕೋಟಿ ವಿಳಾಸ. 2,000 ಕಂಪ್ಯೂಟರುಗಳ ಸಂಸ್ಥೆಗೆ ಸಿ ವರ್ಗದ 256 ಸಾಲದು. ಬಿ ವರ್ಗದ 65,536 ಪಡೆದರೆ ಬಳಕೆಗೆ ಬರುವುದು ಶೇ. 3ರಷ್ಟು. 1993ರ ಸಿಐಡಿಆರ್ ಎಂಬ ವರ್ಗರಹಿತ ಹಂಚಿಕೆಯ ವಿಧಾನ ಈ ಗಡಿಯನ್ನು ಯಾವ ಬಿಟ್‌ನ ಬಳಿ ಬೇಕಾದರೂ ಎಳೆಯಲು ಬಿಟ್ಟಿತು, ಅದೇ ಸಂಸ್ಥೆಗೆ 2,048 ವಿಳಾಸಗಳ ತುಂಡು ಸಾಕಾಯಿತು. ಹಳೆಯ ಹಂಚಿಕೆ ಮಾತ್ರ ಬಹುಪಾಲು ಹಾಗೆಯೇ ಉಳಿಯಿತು. ಒಂದು ಇಡೀ ಎ ವರ್ಗದ ಜಾಲ ಹೊಂದಿದ್ದ ಅಮೆರಿಕದ ಎಂಐಟಿ, ತನ್ನಲ್ಲಿ 1.4 ಕೋಟಿ ವಿಳಾಸಗಳು ಬಳಕೆಯೇ ಆಗಿಲ್ಲವೆಂದು 2017ರಲ್ಲಿ ಪ್ರಕಟಿಸಿ, ಒಂದು ಭಾಗವನ್ನು ಮಾರಲು ಹೊರಟಿತು. ಈ ಸಾಕ್ಷ್ಯವನ್ನು ಬದಿಗಿಟ್ಟು 32 ಬಿಟ್‌ಗಳನ್ನಷ್ಟೇ ದೂರುವುದು ನ್ಯಾಯವಲ್ಲ.

ಹಾಗಾದರೆ ಕೊರತೆಯನ್ನು ತಂದದ್ದು ಗಾತ್ರವಲ್ಲ, ವಿಭಜನೆ ಎನ್ನಬಹುದೆ? 1990ರ ದಶಕದ ಆರಂಭದ ಬಿಕ್ಕಟ್ಟಿನ ಮಟ್ಟಿಗೆ, ಅದೂ ಬಿ ವರ್ಗದ ಜಾಲಗಳು ಮುಗಿಯುತ್ತಿದ್ದುದರ ಮಟ್ಟಿಗೆ, ಹೌದೆನ್ನಬಹುದು. 2011ಕ್ಕೂ ಇದೇ ಉತ್ತರವನ್ನು ಹೊಂದಿಸಲಾಗದು. ಮೊದಲ ದಿನದಿಂದಲೇ ಮಿತವಾಗಿ ಹಂಚಿದ್ದರೂ ಮನೆಮನೆಯ ಮೊಬೈಲುಗಳಿಗೆ 429 ಕೋಟಿ ಸಾಲುತ್ತಿರಲಿಲ್ಲ. ಮುಂದಿನ ಆವೃತ್ತಿಯಾದ ಐಪಿವಿ6ರ 128 ಬಿಟ್ ಬೇಕೇ ಆಗುತ್ತಿತ್ತು. ವಿಭಜನೆ ಕೊರತೆಯ ಕಾಲವನ್ನು ಹತ್ತಿರ ತಂದಿತು ಎಂಬಷ್ಟೇ ಇಲ್ಲಿನ ವಾದ.

ಎಷ್ಟು ಹತ್ತಿರ ತಂದಿತೆಂಬ ಲೆಕ್ಕ ಬಾಕಿಯಿದೆ. ಸಿಐಡಿಆರ್ ಬಂದ ಮರುವರ್ಷವೇ, ಒಂದು ವಿಳಾಸವನ್ನು ಹಲವು ಯಂತ್ರಗಳು ಹಂಚಿಕೊಳ್ಳುವ ನ್ಯಾಟ್ ಪ್ರಸ್ತಾಪವೂ ಬಂದುದರಿಂದ ಎರಡರ ಪರಿಣಾಮವನ್ನು ಬೇರ್ಪಡಿಸುವುದು ಕಷ್ಟ.