ರೈಲಿನ ಬಣ್ಣ ಹೇಳುವ ಕಥೆ



ಕ್ರಿಕೆಟ್ಟಿಗೆ, ಸಿನಿಮಾ ನಟರಿಗೆ ಅಭಿಮಾನಿಗಳಿರುವುದು ನಿಮಗೆ ಗೊತ್ತೇ ಇದೆ. ರೈಲುಗಾಡಿಗೂ ಅಭಿಮಾನಿಗಳಿದ್ದಾರೆ. ಪ್ಲಾಟ್‌ಫಾರಮ್ಮಿನ ತುದಿಯಲ್ಲಿ ಕ್ಯಾಮರಾ ಹಿಡಿದು ಕಾಯುತ್ತಾರೆ, ಇಂಜಿನಿನ ನಂಬರು ಬರೆದುಕೊಳ್ಳುತ್ತಾರೆ. ಇಂಥವರು ನಾಲ್ಕು ಜನ ಸೇರಿದರೆ ಬಣ್ಣದ ಚರ್ಚೆ ತಪ್ಪದು. ಹಳೆಯ ಕೆಮ್ಮಣ್ಣು ಬಣ್ಣದ ಡಬ್ಬಿಯೇ ಚೆಂದ ಎನ್ನುವವರು ಒಂದು ಕಡೆ, ಹೊಸ ಗಾಡಿಗಳ ಹೊಳಪೇ ಚೆಂದ ಎನ್ನುವವರು ಇನ್ನೊಂದು ಕಡೆ. ಆದರೆ ರೈಲಿನ ಬಣ್ಣ ಬರೀ ಅಲಂಕಾರವಲ್ಲ. ಅದಕ್ಕೆ ತನ್ನದೇ ಆದ ಕೆಲಸವಿತ್ತು, ಮಾತಿತ್ತು.

ಮೊದಲು ರೈಲುಗಳು ಬೇರೆ ಬೇರೆ ಕಂಪನಿಗಳ ಕೈಯಲ್ಲಿದ್ದವು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿ 1860ರಲ್ಲಿ ಸೊಲ್ಲಾಪುರ ಮುಟ್ಟಿತು. 1871ರಲ್ಲಿ ಅದು ರಾಯಚೂರಿಗೆ ಬಂದು, ಆದೋನಿಯ ಕಡೆಯಿಂದ ಬಂದ ಮದ್ರಾಸ್ ಕಂಪನಿಯ ಹಳಿಯನ್ನು ಕೂಡಿತು. ಕಾಸರಗೋಡಿನ ಮೇಲೆ ಹಾದು ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಕಂಪನಿಗಳಿಗೆ ಬಣ್ಣವೆಂದರೆ ಪ್ರತಿಷ್ಠೆ. 1930ರ ಜೂನ್ 1ರಂದು ಮುಂಬಯಿ-ಪುಣೆ ನಡುವೆ ಡೆಕ್ಕನ್ ಕ್ವೀನ್ ಹೊರಟಾಗ ಅದಕ್ಕೆ ಎರಡು ಸಾಲು ಡಬ್ಬಿಗಳಿದ್ದವು. ಒಂದಕ್ಕೆ ಬೆಳ್ಳಿಯ ಬಣ್ಣ, ಕೆಂಪು ಅಂಚು. ಇನ್ನೊಂದಕ್ಕೆ ಗಾಢ ನೀಲಿ, ಚಿನ್ನದ ಗೆರೆ. ಎಳೆಯಲು ವಿದ್ಯುತ್ ಇಂಜಿನು.

ಸ್ವಾತಂತ್ರ್ಯ ಬಂದ ವರ್ಷವೇ, ಅಂದರೆ 1947ರಲ್ಲಿ, ಅಮೆರಿಕದಿಂದ ಡಬ್ಲ್ಯೂಪಿ ಎಂಬ ಉಗಿ ಇಂಜಿನು ಬಂತು. ಗುಂಡಿನಂತೆ ಚೂಪಾದ ಮೂತಿ, ಆ ಮೂತಿಯ ಮೇಲೆ ನಕ್ಷತ್ರ. ಇಂಜಿನುಗಳ ಹೆಸರಿನಲ್ಲೇ ಅವುಗಳ ಜಾತಕವಿದೆ. ಡಬ್ಲ್ಯೂ ಎಂದರೆ ಅಗಲ ಹಳಿ, ವೈ ಎಂದರೆ ಮೀಟರ್ ಹಳಿ. ಪಿ ಎಂದರೆ ಪ್ರಯಾಣಿಕರ ಗಾಡಿ, ಜಿ ಎಂದರೆ ಗೂಡ್ಸು, ಎಂ ಎಂದರೆ ಎರಡಕ್ಕೂ ಸಲ್ಲುವಂಥದು. ನಡುವೆ ಡಿ ಇದ್ದರೆ ಡೀಸೆಲ್. ಹಾಗಾಗಿ ಡಬ್ಲ್ಯೂಡಿಎಂ-2 ಎಂದರೆ ಅಗಲ ಹಳಿಯ ಮೇಲೆ ಎರಡೂ ಬಗೆಯ ಗಾಡಿ ಎಳೆಯುವ ಡೀಸೆಲ್ ಇಂಜಿನು. ಇದು 1962ರಲ್ಲಿ ಹೊರದೇಶದಿಂದ ಬಂತು. 1964ರಿಂದ ವಾರಾಣಸಿಯಲ್ಲೇ ತಯಾರಾಯಿತು.

ಇನ್ನು ಡಬ್ಬಿಗಳ ಬಣ್ಣ. ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಕಂಡದ್ದು ಕೆಮ್ಮಣ್ಣು ಬಣ್ಣದ ಡಬ್ಬಿ. ಅದರಲ್ಲಿದ್ದದ್ದು ನಿರ್ವಾತ ಬ್ರೇಕು. ಡಬ್ಬಿಯಿಂದ ಡಬ್ಬಿಗೆ ಸಾಗುವ ಕೊಳವೆಯೊಳಗಿನ ಗಾಳಿಯನ್ನು ಹೀರಿ ತೆಗೆದಿರುವವರೆಗೆ ಚಕ್ರಗಳು ಸಡಿಲವಾಗಿರುತ್ತವೆ. ಗಾಳಿ ಒಳನುಗ್ಗಿದರೆ ಬ್ರೇಕು ಹಿಡಿಯುತ್ತದೆ. ಆದರೆ ಹೊರಗಿನ ವಾಯುವಿನ ಒತ್ತಡಕ್ಕಿಂತ ಹೆಚ್ಚಿನ ಬಲ ಅದಕ್ಕೆ ಬರಲಾರದು. ಉದ್ದದ, ವೇಗದ ಗಾಡಿಗಳಿಗೆ ಅದು ಸಾಲದು. ಆದ್ದರಿಂದ ಕೊಳವೆಯಲ್ಲಿ ಒತ್ತಿದ ಗಾಳಿಯನ್ನು ತುಂಬಿಡುವ ಹೊಸ ಬ್ರೇಕು ಬಂತು. ಇದರಲ್ಲಿ ಒತ್ತಡ ಇಳಿದರೆ ಬ್ರೇಕು ಹಿಡಿಯುತ್ತದೆ. 1990ರ ದಶಕದಲ್ಲಿ ಈ ಡಬ್ಬಿಗಳಿಗೆ ನೀಲಿ ಬಣ್ಣ ಬಳಿದರು.

ಎರಡು ಬಗೆಯ ಬ್ರೇಕುಗಳನ್ನು ಒಂದೇ ಗಾಡಿಯಲ್ಲಿ ಬೆರೆಸಿ ಓಡಿಸಲಾಗದು. ಕೆಂಪು ಡಬ್ಬಿ ಹಳೆಯದು, ನೀಲಿ ಡಬ್ಬಿ ಹೊಸದು ಎಂದು ನೋಡಿದೊಡನೆ ತಿಳಿಯುತ್ತಿತ್ತು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಜಮಾ ಚೀಟಿಗೆ ಒಂದು ಬಣ್ಣ, ಖರ್ಚಿನ ಚೀಟಿಗೆ ಇನ್ನೊಂದು ಬಣ್ಣ ಇದ್ದರೆ ಕೈ ತಪ್ಪುವುದು ಕಡಿಮೆ. ಇದೂ ಹಾಗೆಯೇ.

ಡೀಸೆಲ್ ಇಂಜಿನುಗಳ ಕಾಲದಲ್ಲಿ ಬಣ್ಣಕ್ಕೆ ಊರಿನ ಗುರುತೂ ಸೇರಿತು. ಗುತ್ತಿ, ಈರೋಡು, ಪುಣೆ, ಕೃಷ್ಣರಾಜಪುರ ಹೀಗೆ ಒಂದೊಂದು ಶೆಡ್ಡಿನವರು ತಮ್ಮ ಇಂಜಿನಿಗೆ ತಮಗೊಪ್ಪುವ ಬಣ್ಣ ಬಳಿಯುತ್ತಿದ್ದರು. ದೂರದ ತಿರುವಿನಲ್ಲಿ ಕಂಡೊಡನೆ ಇದು ಇಂಥ ಶೆಡ್ಡಿನದು ಎಂದು ಅಭಿಮಾನಿಗಳು ಹೇಳಿಬಿಡುತ್ತಿದ್ದರು. ಹಳಿಗಳ ಮೇಲೆ ವಿದ್ಯುತ್ ತಂತಿ ಬಂದಂತೆ ಡೀಸೆಲ್ ಹಿಂದೆ ಸರಿಯಿತು. 2000ದಲ್ಲಿ ಜರ್ಮನ್ ಮಾದರಿಯ ಎಲ್‌ಎಚ್‌ಬಿ ಡಬ್ಬಿಗಳು ಬಂದವು. ಪೆರಂಬೂರಿನ ಕಾರ್ಖಾನೆ 2018ರಲ್ಲಿ ಹಳೆಯ ಮಾದರಿಯ ಡಬ್ಬಿ ಕಟ್ಟುವುದನ್ನು ನಿಲ್ಲಿಸಿತು. ಹೊಸ ಡಬ್ಬಿಗಳು ಹಳಿ ತಪ್ಪಿದರೂ ಒಂದರ ಮೇಲೊಂದು ಏರದಂತೆ ಕಟ್ಟಿದವು. ಜೀವ ಉಳಿಸುವ ಈ ಗುಣವನ್ನು ಹಳೆಯ ಬಣ್ಣದ ಮೋಹದಲ್ಲಿ ಮರೆಯಬಾರದು. ಆದರೆ ಒಂದೇ ಕೆಂಪು-ಬೂದು ಬಣ್ಣ ಎಲ್ಲ ಕಡೆ ಹರಡಿ, ಗಾಡಿಗಾಡಿಗೆ ಗುರುತಿಲ್ಲದಂತಾಯಿತು ಎಂಬ ಅಭಿಮಾನಿಗಳ ಕೊರಗೂ ಸುಳ್ಳಲ್ಲ.

ಕಾಸರಗೋಡಿನವರಿಗೆ ಈ ಚರ್ಚೆ ಮನೆಬಾಗಿಲಿಗೇ ಬಂತು. 2023ರ ಏಪ್ರಿಲ್‌ನಲ್ಲಿ ತಿರುವನಂತಪುರ-ಕಾಸರಗೋಡು ನಡುವೆ ಬಿಳಿ-ನೀಲಿ ಬಣ್ಣದ ವಂದೇ ಭಾರತ್ ಓಡಿತು. ಅದೇ ವರ್ಷ ಸೆಪ್ಟೆಂಬರ್ 24ರಂದು, ದೇಶದಲ್ಲೇ ಮೊದಲ ಕೇಸರಿ-ಬೂದು ಬಣ್ಣದ ವಂದೇ ಭಾರತ್ ಹೊರಟದ್ದು ಕಾಸರಗೋಡಿನಿಂದ. 2024ರಲ್ಲಿ ಅದನ್ನು ಮಂಗಳೂರಿಗೆ ವಿಸ್ತರಿಸಿದರು. ಕೇಸರಿ ದೂರದಿಂದ ಚೆನ್ನಾಗಿ ಕಾಣುತ್ತದೆ ಎಂದು ರೈಲ್ವೆ ಸಚಿವರು ಹೇಳಿದರು. ಇದರಲ್ಲಿ ರಾಜಕೀಯವಿದೆ ಎಂದು ಟೀಕಿಸಿದವರೂ ಇದ್ದರು. ಈ ಗಾಡಿಗೆ ಪ್ರತ್ಯೇಕ ಇಂಜಿನೇ ಇಲ್ಲ, ಬಲವೆಲ್ಲ ಡಬ್ಬಿಗಳ ಅಡಿಯಲ್ಲಿದೆ. ಇಂಜಿನಿಲ್ಲದ ಮೇಲೆ ಅದೆಂಥ ರೈಲು ಎಂದು ಹಳಬರು ಮೂಗು ಮುರಿಯುವುದುಂಟು.

ಹಳೆಯದನ್ನು ಉಳಿಸುವುದು ಅಸಾಧ್ಯವೇನಲ್ಲ. ನೀಲಗಿರಿಯನ್ನು ನೋಡಿ. 1899ರಲ್ಲಿ ಮೇಟ್ಟುಪಾಳಯದಿಂದ ಕೂನೂರಿಗೆ, 1908ರಲ್ಲಿ ಊಟಿಗೆ ತಲುಪಿದ ಬೆಟ್ಟದ ರೈಲು ಅದು. ಹನ್ನೆರಡೂವರೆ ಅಡಿ ಸಾಗುವಷ್ಟರಲ್ಲಿ ಒಂದಡಿ ಮೇಲೇರುವ ಕಡಿದಾದ ದಾರಿ. ಹಲ್ಲುಹಳಿಯನ್ನು ಕಚ್ಚಿಕೊಂಡು ಉಗಿ ಇಂಜಿನು ಹತ್ತುತ್ತದೆ. ಅದರ ನೀಲಿ-ಕೆನೆ ಬಣ್ಣದ ಡಬ್ಬಿಗಳನ್ನು ನೋಡಲೆಂದೇ ಜನ ಬರುತ್ತಾರೆ. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಶ್ರೋತೃಗಳೇ, ಗಡಿನಾಡಿನ ನಮಗೆ ಬಣ್ಣದ ಬೆಲೆ ಸ್ವಲ್ಪ ಹೆಚ್ಚೇ ಗೊತ್ತು. ಮನೆಯಲ್ಲೊಂದು ಲಿಪಿ, ಕಚೇರಿಯಲ್ಲೊಂದು ಲಿಪಿ. ಯಾವ ಲಿಪಿಯೂ ಬಾರದ ನಮ್ಮ ಅಜ್ಜಿಯಂದಿರು ಕೆಂಪು ಗಾಡಿ ಯಾವುದು, ನೀಲಿ ಗಾಡಿ ಯಾವುದು ಎಂದು ಕಣ್ಣಳತೆಯಲ್ಲೇ ತಿಳಿಯುತ್ತಿದ್ದರು. ಬಣ್ಣವೆಂಬುದು ಎಲ್ಲ ಭಾಷೆಯವರೂ ಓದಬಲ್ಲ ಬೋರ್ಡು. ಹೊಸ ಬಣ್ಣ ಬರಲಿ, ಬೇಡವೆನ್ನುವವರು ಯಾರು? ಆದರೆ ಬಳಿಯುವವರು ಬಡಪ್ರಯಾಣಿಕನ ಕಣ್ಣನ್ನೂ ನೆನೆಯಲಿ. ಯಾವ ಗಾಡಿ ತನ್ನದೆಂದು ಅವನಿಗೆ ದೂರದಿಂದಲೇ ತಿಳಿಯುವಂತಿರಲಿ.